ಸಂಪಾದಕರ ಉತ್ತರ: ಹತ್ತಕ್ಕೆ ಮೂರು, ಹತ್ತಕ್ಕೆ ಒಂಬತ್ತು

ಪಡುಬಿದ್ರಿಯ ಓದುಗರೊಬ್ಬರ ನಾಲ್ಕು ಪುಟದ ಕಾಗದ ಎರಡು ವಾರದಿಂದ ನನ್ನ ಮೇಜು ಬಿಟ್ಟು ಕದಲಿಲ್ಲ. ಬರೆದವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ನೋಡಿದ ಪ್ರತಿ ಸಿನಿಮಾಕ್ಕೂ ನೋಟುಬುಕ್ಕಿನಲ್ಲಿ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿಡುವುದು ಅವರ ಅಭ್ಯಾಸ. ಕಾಗದದ ಸಾರ ಹೀಗಿದೆ:

"2022ರ ‘ಕಾಂತಾರ’ಕ್ಕೆ ಒಂಬತ್ತು ಕೊಟ್ಟಿದ್ದೆ. 2025ರ ‘ಕಾಂತಾರ: ಚಾಪ್ಟರ್ 1’ಕ್ಕೆ ಐದು. ಕಣ್ಣಿಗೆ ಹಬ್ಬ, ಎದೆಗೆ ಎಂತದ್ದೂ ತಾಗಲಿಲ್ಲ. ಅದೇ ವರ್ಷ ಏನೂ ನಿರೀಕ್ಷೆ ಇಲ್ಲದೆ ಹೋದ ‘ಸು ಫ್ರಮ್ ಸೋ’ಗೆ ಎಂಟು. ‘ಉಳಿದವರು ಕಂಡಂತೆ’ಗೆ 2014ರಲ್ಲಿ ಮೂರು ಹಾಕಿ, ಇಂಟರ್ವಲ್‌ನಲ್ಲೇ ಎದ್ದು ಹೊರಗೆ ಚಹಾ ಕುಡಿಯುತ್ತ ಕೂತಿದ್ದೆ. ಮನೆಯವರು ಏಳಲಿಲ್ಲ. ಮೊನ್ನೆ ಮಗನ ಮನೆಯಲ್ಲಿ ಅದನ್ನೇ ಪೂರ್ತಿ ನೋಡಿದೆ, ಒಂಬತ್ತು. ನೀವು ಮಾತ್ರ ಎರಡು ಪುಟ ವಿಮರ್ಶೆ ಬರೆದು ಒಂದು ಸ್ಟಾರೂ ಕೊಡುವುದಿಲ್ಲ. ನೋಡಬಹುದಾ ಬೇಡವಾ ಅಂತ ಹೇಳಲಿಕ್ಕೆ ನಿಮಗೆ ಎಂತ ಕಷ್ಟ?"

ಮಾನ್ಯರೇ,

ನಿಮ್ಮ ಕಡೆಯೂ ನ್ಯಾಯ ಉಂಟು. ಪಡುಬಿದ್ರಿಯಿಂದ ನಾಲ್ಕು ಜನ ಮಂಗಳೂರಿಗೆ ಬಂದು, ಮಾಲಿನಲ್ಲಿ ಟಿಕೇಟು ತೆಗೆದು, ಪಾಪ್‌ಕಾರ್ನ್ ತಿಂದು, ಊಟ ಮಾಡಿ ಮನೆ ಸೇರುವಾಗ ಎರಡು ಸಾವಿರ ನೀರಿನ ಹಾಗೆ ಹರಿದುಹೋಗಿರುತ್ತದೆ. ಟಿಕೇಟಿಗೆ 200 ರೂಪಾಯಿಯ ಮಿತಿ ಎಂದು ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ನಿಯಮ ತಂದಿತು, ಅದೇ ತಿಂಗಳು ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಇಷ್ಟು ದುಡ್ಡು ಹಾಕುವವರು ಮೊದಲೇ ಒಂದು ಮಾತು ವಿಚಾರಿಸುವುದು ತಪ್ಪಲ್ಲ. ಒಪ್ಪಿದೆ.

ಆದರೆ ನಿಮ್ಮ ನೋಟುಬುಕ್ಕೇ ನಿಮ್ಮ ಮೇಲೆ ಸಾಕ್ಷಿ ಹೇಳುತ್ತಿದೆಯಲ್ಲ! ಮೂರು ಒಂಬತ್ತಾದದ್ದು ಹೇಗೆ? ಸಿನಿಮಾದಲ್ಲಿ ಒಂದು ಶಾಟೂ ಬದಲಾಗಿಲ್ಲ. ಅದೇ ಮಲ್ಪೆಯ ಕಡಲು, ಅದೇ ಹುಲಿವೇಷ, ಮಗನಿಗಾಗಿ ಕಾದು ಕೂತ ಅದೇ ರತ್ನಕ್ಕ. ಲೆಡ್ಜರಿನಲ್ಲಿ ಮೂರು ಇದ್ದದ್ದು ತನ್ನಷ್ಟಕ್ಕೆ ಒಂಬತ್ತಾಗಿದ್ದರೆ, ತಪ್ಪು ಸಿಗುವ ತನಕ ನಿಮ್ಮ ಶಾಖೆಯಲ್ಲಿ ಒಬ್ಬರೂ ಮನೆಗೆ ಹೋಗುತ್ತಿರಲಿಲ್ಲ. ಇಲ್ಲಿ ಮಾತ್ರ ಹಳೆಯ ಅಂಕ ಹೊಡೆದುಹಾಕಿ ಹೊಸತು ಬರೆದಿರಿ. ಹನ್ನೊಂದು ವರ್ಷದಲ್ಲಿ ಬದಲಾದವರು ನೀವು, ಅದು ದೊಡ್ಡ ಸಂಗತಿ. ನಾಲ್ಕು ಪುಟದಲ್ಲಿ ಅದರ ಬಗ್ಗೆ ಒಂದು ಸಾಲು ಇಲ್ಲ.

ರಕ್ಷಿತ್ ಶೆಟ್ಟಿಯವರ ಆ ಚಿತ್ರದಲ್ಲಿ ಪತ್ರಕರ್ತೆಯೊಬ್ಬಳು ಬೇರೆಬೇರೆಯವರ ಹತ್ತಿರ ಹೋಗಿ ನಡೆದದ್ದೇನು ಎಂದು ಕೇಳುತ್ತಾಳೆ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ತುಂಡು, ಇಡೀ ಕಥೆ ಯಾರ ಹತ್ತಿರವೂ ಇಲ್ಲ. ಇಂಟರ್ವಲ್‌ನಲ್ಲಿ ಎದ್ದ ನಿಮಗೆ ಸಿಕ್ಕಿದ್ದೂ ಒಂದು ತುಂಡು. ಅಂಕ ಹಾಕಿದ್ದು ಮಾತ್ರ ಇಡೀ ಚಿತ್ರಕ್ಕೆ. ನಿಮ್ಮೊಬ್ಬರನ್ನೇ ಅನ್ನುವುದಲ್ಲ, ಆಗ ಊರಿಗೆ ಊರೇ ಹಾಗೆ ಮಾಡಿತು. ನಮ್ಮ ಭಾಗದ ಮಾತು ಅಲ್ಲಿಯ ತನಕ ಸಿನಿಮಾದಲ್ಲಿ ಹೆಚ್ಚಾಗಿ ಕೇಳಿಸುತ್ತಿದ್ದದ್ದು ಹೋಟೆಲ್ ಮಾಣಿಯ ಬಾಯಲ್ಲಿ, ಅಡುಗೆ ಭಟ್ಟರ ಬಾಯಲ್ಲಿ, ಅದೂ ನಗಿಸಲಿಕ್ಕೆ. ಅದೇ ಮಾತಿನಲ್ಲಿ ಒಬ್ಬ ಸಿಟ್ಟಾಗುವುದನ್ನು, ಒಬ್ಬಳು ಅಳುವುದನ್ನು ಕೇಳಲು ನಮ್ಮ ಕಿವಿಗೇ ಅಭ್ಯಾಸ ಇರಲಿಲ್ಲ. ಆಮೇಲೆ ಹುಡುಗರು ನೋಡಿದ್ದನ್ನೇ ನೋಡಿ ಸಂಭಾಷಣೆ ಬಾಯಿಪಾಠ ಮಾಡಿಕೊಂಡರು. ಚಿತ್ರ ಉಳಿದದ್ದು ಅವರಿಂದ.

ನನ್ನ ಅಜ್ಜನ ವಿಷಯ ಹೇಳಬೇಕು. ಕಾರ್ಕಳದ ಹತ್ತಿರದ ಹಳ್ಳಿಯವರು. ಯಕ್ಷಗಾನ ಬಯಲಾಟ ಉಂಟೆಂದರೆ ದಾರಿಯ ಬೆಳಕಿಗೆ ಸೂಟೆ ಹಿಡಿದು ಐದಾರು ಮೈಲು ನಡೆಯುವವರು. ಮಂಗಳ ಹಾಡುವ ತನಕ ಕೂತು, ಬೆಳಗ್ಗೆ ಮನೆಗೆ ಬಂದು, ಬಾವಿಕಟ್ಟೆಯಲ್ಲಿ ಮುಖ ತೊಳೆದು, ಗಂಜಿ ಉಂಡು ಮಲಗುವರು. ಆಟ ಹೇಗಾಯಿತು ಎಂದು ಅಜ್ಜಿ ಕೇಳಿದರೆ ಆಗ ಉತ್ತರವಿಲ್ಲ. ಮಧ್ಯಾಹ್ನ ಎದ್ದು ಎಲೆಯಡಿಕೆ ಹರಿವಾಣ ಎಳೆದುಕೊಂಡ ಮೇಲೆ ಒಂದೊಂದೇ ಮಾತು ಹೊರಗೆ ಬರುವುದು. "ಭಾಗವತರ ಸ್ವರ ಬಿಟ್ಟದ್ದು ಎರಡು ಗಂಟೆಯ ಮೇಲೆ. ಅಲ್ಲಿಯ ತನಕ ಆಟ ಎತ್ತಿ ಹಿಡಿದದ್ದು ಚೆಂಡೆ. ಕರ್ಣ ಪ್ರವೇಶಕ್ಕೆ ಕಳೆ ಇತ್ತು, ಸಾಯುವಾಗ ಇಲ್ಲ. ಸ್ತ್ರೀವೇಷದ ಹುಡುಗ ಹೊಸಬ, ಇನ್ನೆರಡು ತಿರುಗಾಟ ಆಗಲಿ." ಅಷ್ಟು ಕೇಳಿದ ಅಜ್ಜಿಗೆ ಆಟ ಕಣ್ಣೆದುರು ಬರುತ್ತಿತ್ತು. ಬರುವ ವರ್ಷ ಅದೇ ಮೇಳ ಬಂದರೆ ಹೋಗುವುದೋ ಬೇಡವೋ ಎಂಬುದೂ ಗೊತ್ತಾಗುತ್ತಿತ್ತು.

ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ತಾಳಮದ್ದಳೆಯದ್ದಂತೂ ಕೇಳುವುದೇ ಬೇಡ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಹೇಳಿದ ಅರ್ಥ, ಎಂದರೆ ಪಾತ್ರದ ಮಾತು, ಕೇಳಿ ಬಂದವರು, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನಿಗೆ ವಾಲಿ ಹಾಕಿದ ಪ್ರಶ್ನೆಗಳನ್ನು ತಿಂಗಳುಗಟ್ಟಲೆ ಜಗಲಿಯಲ್ಲಿ ಎತ್ತಿ ಆಡುತ್ತಿದ್ದರು. ಹೀಗೆ ರುಚಿ ನೋಡಿ ಬೆಳೆದ ಜಿಲ್ಲೆ ನಮ್ಮದು. ನಮಗೆ ಐದು ಸ್ಟಾರಿನ ಮಾಪು ಯಾಕೆ ಬೇಕು ಮಾರಾಯರೇ?

ನಿಮ್ಮಲ್ಲಿಯೂ ಆ ರುಚಿ ಉಂಟು. "ಕಣ್ಣಿಗೆ ಹಬ್ಬ, ಎದೆಗೆ ಎಂತದ್ದೂ ತಾಗಲಿಲ್ಲ" ಎಂದು ಬರೆದಿರಲ್ಲ, ಅದು ವಿಮರ್ಶೆ. ಪಕ್ಕದ ಐದು ಎಂಬ ಅಂಕೆ ಏನೂ ಹೇಳುವುದಿಲ್ಲ. ಯಾಕೆ ತಾಗಲಿಲ್ಲ ಎಂದು ಬರೆದಿದ್ದರೆ ಈ ಪುಟದಲ್ಲಿ ನನ್ನ ಬದಲು ನೀವೇ ಇರುತ್ತಿದ್ದಿರಿ. ನನಗೆ ಅನಿಸಿದ್ದು ಹೇಳುತ್ತೇನೆ. 2022ರ ಚಿತ್ರದಲ್ಲಿ ಕಂಬಳದ ಗದ್ದೆ, ಫಾರೆಸ್ಟಿನವರ ಕಾಟ, ರಾತ್ರಿ ಕನಸಿಗೆ ಬೆಚ್ಚಿ ಏಳುವ ಶಿವ, ಎಲ್ಲ ನಮಗೆ ಗೊತ್ತಿದ್ದ ಜಾಗ, ಗೊತ್ತಿದ್ದ ಭಯ. ಕೊನೆಗೆ ದೈವ ಬಂದದ್ದು ನಮ್ಮದೇ ಅಂಗಳಕ್ಕೆ. ಕದಂಬರ ಕಾಲಕ್ಕೆ ಹೋದ ಎರಡನೆಯದರಲ್ಲಿ ಅರಮನೆ ಇದೆ, ಯುದ್ಧ ಇದೆ, ಕೆರಾಡಿಯಿಂದ ಬಂದ ರಿಷಬ್ ಶೆಟ್ಟಿಯವರ ಬೆವರೂ ಇದೆ. ನಮ್ಮ ಅಂಗಳ ದೂರವಾಯಿತು. ಇದು ನನ್ನ ಲೆಕ್ಕ, ನಿಮ್ಮದು ಬೇರೆ ಇರಬಹುದು, ಆ ಬೇರೆಯದು ನನಗೆ ಬೇಕು.

‘ಸು ಫ್ರಮ್ ಸೋ’ ಓಡಿದ್ದೂ ಮಾತಿನಿಂದಲೇ. ಜೆ.ಪಿ. ತುಮಿನಾಡು ಅವರ ಚಿತ್ರಕ್ಕೆ ಶುರುವಿನಲ್ಲಿ ಆಟಗಳೇ ಕಡಿಮೆ, ನೋಡಿದವರು ಹೇಳಿ ಹೇಳಿ ಒಂದೆರಡು ದಿನದಲ್ಲಿ ಹೆಚ್ಚಿಸಬೇಕಾಯಿತು. ನನಗೆ ಹೇಳಿದ್ದು ನಮ್ಮ ಬೀದಿಯ ಮೀನಿನ ಅಕ್ಕ. "ಸೋಮೇಶ್ವರದ ಸುಲೋಚನ ಒಬ್ಬನ ಮೈಮೇಲೆ ಬರುವುದಂತೆ, ನಕ್ಕು ನಕ್ಕು ಹೊಟ್ಟೆ ನೋವು, ಕಡೆಗೆ ಪಾಪ ಅನಿಸ್ತದೆ" ಎಂದರು. ಆ "ಕಡೆಗೆ ಪಾಪ ಅನಿಸ್ತದೆ" ಎಂಬುದಕ್ಕೆ ನಾನು ಟಿಕೇಟು ತೆಗೆದದ್ದು. ನಗಿಸುತ್ತಿದ್ದ ಚಿತ್ರ ಒಬ್ಬ ಹೆಣ್ಣಿನ ಕಷ್ಟದ ಕಡೆ ತಿರುಗುವ ಜಾಗವನ್ನು ಅವರು ಸರಿಯಾಗಿ ಮುಟ್ಟಿದ್ದರು. ಎಂಟು ಎಂದಿದ್ದರೆ ನಾನು ಹೋಗುತ್ತಿರಲಿಲ್ಲ.

ಅಂಕದ ಚಟ ಈಗ ಎಲ್ಲಿಗೆ ಬಂದಿದೆ ನೋಡಿ. ಮೊದಲ ಆಟ ಮುಗಿಯುವ ಮುಂಚೆ ಟಿಕೇಟಿನ ಆ್ಯಪಿನಲ್ಲಿ ಹತ್ತಕ್ಕೆ ಹತ್ತು, ಹತ್ತಕ್ಕೆ ಒಂದು ಬಿದ್ದಿರುತ್ತದೆ. ಈ ಜಗಳ ಕೋರ್ಟಿಗೂ ಹೋಗಿ, ಕೆಲವು ಚಿತ್ರಗಳಿಗೆ ಅಂಕ ಹಾಕುವುದನ್ನೇ ನಿಲ್ಲಿಸಿದ್ದೂ ಆಯಿತು. ಜನರ ಬಾಯಿ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಜನರಿಗೆ ಬಾಯಿ ಇರುವಾಗ ಬೆರಳು ಮಾತ್ರ ಕೊಟ್ಟವರು ಯಾರು ಎಂದು ಕೇಳಬೇಕಾಗಿದೆ. ಮಂಚಿಯ ಬಿ.ವಿ. ಕಾರಂತರು ಶಿವರಾಮ ಕಾರಂತರ 1933ರ ಕಾದಂಬರಿಯಿಂದ 1975ರಲ್ಲಿ ‘ಚೋಮನ ದುಡಿ’ ಮಾಡಿದರು. ದೇಶದ ಶ್ರೇಷ್ಠ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬಂತು, ಚೋಮನಾಗಿದ್ದ ವಾಸುದೇವ ರಾಯರು ದೇಶದ ಶ್ರೇಷ್ಠ ನಟರಾದರು. ಅದೇ ಚಿತ್ರ ಈ ಶುಕ್ರವಾರ ಬಂದಿದ್ದರೆ ಹನ್ನೊಂದು ಗಂಟೆಗೆ "ಸ್ಲೋ" ಎಂದು ಬಿದ್ದು, ಶನಿವಾರ ಪರದೆಯ ಮೇಲಿಂದ ಇಳಿಯುತ್ತಿತ್ತು.

ಇಳಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಎರಡು ವರ್ಷದ ಹಿಂದೆ ಒಂದು ಸಣ್ಣ ತುಳು ಚಿತ್ರಕ್ಕೆ ಮಂಗಳೂರಿನ ಒಂದು ಮಾಲಿಗೆ ಹೋದೆ. ಹಿಂದಿನ ದಿನ ಸಂಜೆ ಏಳಕ್ಕೆ ಇದ್ದ ಆಟ ಬೆಳಗ್ಗೆ ಹತ್ತಕ್ಕೆ ಹೋಗಿತ್ತು. ಹತ್ತಕ್ಕೆ ಹೋದರೆ, ನಾಲ್ಕೇ ಜನ, ಆಟ ಇಲ್ಲ, ದುಡ್ಡು ವಾಪಸ್ ಬರುತ್ತದೆ ಎಂದರು. ದುಡ್ಡು ಬಂತು. ಆ ಚಿತ್ರವನ್ನು ನಾನು ಇವತ್ತಿಗೂ ನೋಡಿಲ್ಲ. ಕೆಲಸ ಬಿಟ್ಟು ಬೆಳಗ್ಗೆ ಹತ್ತಕ್ಕೆ ಬರಬೇಕಾದದ್ದು ಯಾರು? ಬಂದರಿನವರಾ, ಬೀಡಿ ಕಟ್ಟುವವರಾ, ಕಾಲೇಜಿನ ಮಕ್ಕಳಾ? ಒಂದು ಚಿತ್ರ ಎರಡು ವಾರ ನಿಂತರೆ ತಾನೆ ನೋಡಿದವರು ನೋಡದವರಿಗೆ ಹೇಳುವುದು? ಬಲ್ಮಠದ ಕಡೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಈಗಲೂ "ಜ್ಯೋತಿ, ಜ್ಯೋತಿ" ಎಂದು ಕೂಗುತ್ತಾನೆ. ಸರ್ಕಲಿಗೆ ಅಂಬೇಡ್ಕರ್ ಹೆಸರಿಟ್ಟು ವರ್ಷಗಳಾದವು, ಜ್ಯೋತಿ ಎಂಬ ಆ ಟಾಕೀಸೂ ಈಗ ಇಲ್ಲ. ಆದರೂ ಆ ಸ್ಟಾಪಿನಲ್ಲಿ ಇಳಿಯುವಾಗಲೆಲ್ಲ ಆಟ ಬಿಟ್ಟು ಹೊರಗೆ ಬಂದವರು ಬಸ್ಸಿಗೆ ಕಾಯುತ್ತ ವಾದ ಮಾಡುತ್ತಿದ್ದದ್ದು ನನ್ನ ಕಿವಿಯಲ್ಲಿ ಕೇಳುತ್ತದೆ. ಬಸ್ಸು ಬಂದರೂ ಹತ್ತದೆ ಮಾತಾಡುತ್ತಿದ್ದರು.

ಸ್ಟಾರ್ ನಾವು ಕೊಡುವುದಿಲ್ಲ. ಆದರೆ ನಿಮ್ಮ ಕಾಗದದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. "ಮನೆಯವರು ಏಳಲಿಲ್ಲ." ಅಂದು ನೀವು ಹೊರಗೆ ಚಹಾ ಕುಡಿಯುವಾಗ ಅವರು ಒಳಗೆ ಒಬ್ಬರೇ ಕೂತು ಕೊನೆಯ ತನಕ ನೋಡಿದ್ದಾರೆ. ನಿಮಗೆ ಹನ್ನೊಂದು ವರ್ಷದ ಮೇಲೆ ಕಂಡದ್ದು ಅವರಿಗೆ ಅವತ್ತೇ ಕಂಡಿರಬಹುದು. ಬಸ್ಸಿನಲ್ಲಿ ಪಡುಬಿದ್ರಿಗೆ ವಾಪಸ್ ಬರುವಾಗ ಅವರನ್ನು ಏನಾದರೂ ಕೇಳಿದಿರಾ? ಕೇಳಿರದಿದ್ದರೆ ಈಗ ಕೇಳಿ. ಬರೆಯಲು ಬೇಸರವಾದರೆ ಅವರು ಹೇಳಲಿ, ನೀವು ಬರೆದುಕೊಳ್ಳಿ. ಮುಂದಿನ ಸಂಚಿಕೆಯ ಈ ಪುಟವನ್ನು ಅವರಿಗೆ ಇಟ್ಟಿದ್ದೇನೆ.

ಸಂ.