ಪಿತ್ತನಾಳದ ಕ್ಯಾನ್ಸರ್: ಕ್ಯಾಲ್ಸಿಯಂ ನೋಡಿಸಿದ್ರಾ?

ಪ್ರಶ್ನೆ: ಅಪ್ಪನಿಗೆ 64 ವರ್ಷ. ಲಿವರ್ ಒಳಗಿನ ಪಿತ್ತನಾಳದ ಕ್ಯಾನ್ಸರ್ ಅಂದಿದ್ದಾರೆ. ಕಾಮಾಲೆ ಇಲ್ಲ. ಒಂದು ವಾರದಿಂದ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ. ಶುಗರ್ ನಾರ್ಮಲ್. ಈಗ ಹಗಲೆಲ್ಲ ಮಂಪರು, ಏನೇನೋ ಮಾತಾಡ್ತಾರೆ. ಕ್ಯಾನ್ಸರ್ ಮೆದುಳಿಗೆ ಹೋಯ್ತಾ, ಅಥವಾ ವಯಸ್ಸಿನ ಮರೆವಾ?

ಉತ್ತರ: ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ರಕ್ತದ ಕ್ಯಾಲ್ಸಿಯಂ ನೋಡಿಸಿ. ಇಂಥ ಪತ್ರ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಮನೆಯವರು ವಯಸ್ಸನ್ನು ದೂರುತ್ತಾ ದಿನ ಕಳೆದಿರುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ.

ಲಿವರ್ ಒಳಗೇ ಬೆಳೆಯುವ ಗೆಡ್ಡೆ ಎಷ್ಟೋ ಸಲ ಕಾಮಾಲೆ ತರುವುದೇ ಇಲ್ಲ. ಕಣ್ಣು ಬೆಳ್ಳಗಿದೆ ಅಂತ ಸಮಾಧಾನ ಪಡಬೇಡಿ. ಅಪರೂಪಕ್ಕೆ ಈ ಗೆಡ್ಡೆ ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಹೋಲುವ ಒಂದು ಪ್ರೋಟೀನ್ ಸುರಿಸುತ್ತದೆ. ಅದು ಮೂಳೆಯಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಬಿಡುತ್ತದೆ, ಮೂತ್ರಪಿಂಡ ಅದನ್ನು ಹೊರಹಾಕದಂತೆ ತಡೆಯುತ್ತದೆ. ಕ್ಯಾನ್ಸರ್ ಮೂಳೆಗೆ ಹರಡದೇ ಇದ್ದರೂ ಹೀಗಾಗಬಹುದು. ನೀವು ಬರೆದ ಲಕ್ಷಣಗಳೆಲ್ಲ ಇದಕ್ಕೆ ಹೊಂದುತ್ತವೆ. ಸೋಡಿಯಂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಯೂ ಆಗಲಿ. ಮೆದುಳಿನ ಸ್ಕ್ಯಾನ್ ಬೇಕೋ ಬೇಡವೋ ಅಲ್ಲಿನ ಡಾಕ್ಟರ್ ಹೇಳುತ್ತಾರೆ.

ರಿಪೋರ್ಟ್ ಬಂದಾಗ ಒಂದು ಕಡೆ ಎಡವಬೇಡಿ. ಇಂಥ ರೋಗಿಗಳಲ್ಲಿ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಹೆಚ್ಚಾಗಿ ಕಡಿಮೆ ಇರುತ್ತದೆ, ಆಗ ಕ್ಯಾಲ್ಸಿಯಂ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಆಲ್ಬುಮಿನ್ 4 ಗ್ರಾಂಗಿಂತ ಇಳಿದ ಪ್ರತಿ 1 ಗ್ರಾಂಗೆ ಕ್ಯಾಲ್ಸಿಯಂಗೆ 0.8 ಮಿಲಿಗ್ರಾಂ ಸೇರಿಸಬೇಕು. ಕಾಗದದಲ್ಲಿ ಕ್ಯಾಲ್ಸಿಯಂ 11.2, ಆಲ್ಬುಮಿನ್ 2.5 ಅಂತಿದ್ದರೆ ನಿಜವಾದ ಲೆಕ್ಕ 12.4. ‘ಸ್ವಲ್ಪ ಜಾಸ್ತಿ’ ಅಂತ ಮನೆಗೆ ಕಳಿಸುವ ಸಂಖ್ಯೆ ಅಲ್ಲ ಅದು. ಪ್ರೋಟೀನ್‌ಗೆ ಅಂಟದ ಕ್ಯಾಲ್ಸಿಯಂ ಅನ್ನು ನೇರವಾಗಿ ಅಳೆಯುವ ಅಯಾನೈಸ್ಡ್ ಕ್ಯಾಲ್ಸಿಯಂ ಪರೀಕ್ಷೆ ಸಿಕ್ಕರೆ ಇನ್ನೂ ಒಳ್ಳೆಯದು.

ಮೊದಲು ಸಲೈನ್. ಆಮೇಲೆ ಮೂತ್ರಪಿಂಡ ನೋಡಿಕೊಂಡು, ಮೂಳೆಯಿಂದ ಕ್ಯಾಲ್ಸಿಯಂ ಹೊರಬರುವುದನ್ನು ತಡೆಯುವ ಜೊಲೆಡ್ರೋನಿಕ್ ಆಸಿಡ್. ಅದು ಕೆಲಸ ಮಾಡಲು ಎರಡು ಮೂರು ದಿನ ಬೇಕು, ಅಷ್ಟರಲ್ಲಿ ಆಸರೆಗೆ, ಬೇಗ ಕೆಲಸ ಮಾಡುವ ಕ್ಯಾಲ್ಸಿಟೋನಿನ್ ಇಂಜೆಕ್ಷನ್ ಕೊಡಬಹುದು. ಕ್ಯಾಲ್ಸಿಯಂ ಇಳಿದಾಗ ಮಂಪರು ಬಿಟ್ಟು, ಮಕ್ಕಳನ್ನು ಹೆಸರು ಹಿಡಿದು ಕರೆದವರನ್ನು ನೋಡಿದ್ದೇನೆ. ಆದರೆ ಸುಳ್ಳು ಭರವಸೆ ಕೊಡಲಾರೆ. ಮೂಲ ಗೆಡ್ಡೆ ಹತೋಟಿಗೆ ಬರದಿದ್ದರೆ ಕ್ಯಾಲ್ಸಿಯಂ ಮತ್ತೆ ಏರುತ್ತದೆ, ಹೀಗೆ ಏರುವುದು ಕಾಯಿಲೆ ಬಲಿತಿರುವ ಸೂಚನೆ. ಮುಂದಿನ ಚಿಕಿತ್ಸೆಯ ಮಾತನ್ನು ಅಪ್ಪನಿಗೆ ಎಚ್ಚರ ಬಂದ ಮೇಲೆ ಅವರ ಎದುರೇ ಆಡಿ.

ಹಾಲು ನಿಲ್ಲಿಸಿದರೆ ಸಾಕಾ ಅಂತ ಕೇಳಬೇಡಿ, ಸಾಲದು. ಮನೆಯಲ್ಲಿರುವ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ಮಾತ್ರ ಇವತ್ತೇ ನಿಲ್ಲಿಸಿ. ಬಿಪಿಗೆ ಥಯಜೈಡ್ (ಮೂತ್ರ ಹೆಚ್ಚಿಸುವ ಒಂದು ಬಗೆಯ) ಮಾತ್ರೆ ತಗೊಳ್ತಿದ್ದರೆ ಡಾಕ್ಟರಿಗೆ ತಿಳಿಸಿ, ಅದೂ ಕ್ಯಾಲ್ಸಿಯಂ ಏರಿಸುತ್ತದೆ.

ಪ್ರಶ್ನೆ: ಕಾಮಾಲೆಗೆ ಕೈಗೆ ಬರೆ ಹಾಕಿಸಿದೆವು, ನಾಟಿ ಔಷಧಿಯೂ ನಡೀತಿದೆ. ಮಲ ಸುಣ್ಣದಂತೆ ಬಿಳಿ, ಮೈಯೆಲ್ಲ ತುರಿಕೆ.

ಉತ್ತರ: ನಾಳ ಕಟ್ಟಿಕೊಂಡಿದೆ. ಬರೆಯಿಂದ ಅದು ತೆರೆಯುವುದಿಲ್ಲ, ಸುಟ್ಟ ಗಾಯವಷ್ಟೇ ಉಳಿಯುತ್ತದೆ. ಬರೆ ಹಾಕಿದವನು ರೋಗಿಯ ಸಮಯವನ್ನೇ ಕದ್ದ. ನಾಳೆಯೇ ಸ್ಕ್ಯಾನ್ ಮಾಡಿಸಿ. ಜ್ವರ, ಚಳಿ ಇದ್ದರೆ ಈ ರಾತ್ರಿಯೇ ಹೊರಡಿ.

ಪ್ರಶ್ನೆ: ರಕ್ತದಲ್ಲಿ ಸಿಎ 19-9 ಎಂಬ ಕ್ಯಾನ್ಸರ್ ಸೂಚಕ ಜಾಸ್ತಿ ಬಂದಿದೆ, ಕ್ಯಾನ್ಸರ್ ಖಚಿತ ಅಲ್ವಾ?

ಉತ್ತರ: ಅಲ್ಲ. ಪಿತ್ತದ ಕಲ್ಲಿನಿಂದ ನಾಳ ಕಟ್ಟಿದರೂ ಏರುತ್ತದೆ.

ಪ್ರಶ್ನೆ: ಕೀಮೋ ಮಧ್ಯೆ ಅಮ್ಮನ ಒಂದೇ ಕಾಲು ಊದಿದೆ. ಎಣ್ಣೆ ಹಚ್ಚಿ ತಿಕ್ಕಬಹುದಾ?

ಉತ್ತರ: ತಿಕ್ಕಲೇಬೇಡಿ. ಈ ಕ್ಯಾನ್ಸರಿನಲ್ಲಿ ರಕ್ತ ಹೆಪ್ಪುಗಟ್ಟುವುದು ಜಾಸ್ತಿ. ಇವತ್ತೇ ಡಾಪ್ಲರ್ (ರಕ್ತನಾಳದ ಸ್ಕ್ಯಾನ್) ಮಾಡಿಸಿ. ಉಸಿರು ಕಟ್ಟಿದರೆ ಸ್ಕ್ಯಾನಿಗೂ ಕಾಯದೆ ನೇರ ಎಮರ್ಜೆನ್ಸಿಗೆ ಹೋಗಿ.