ಚಿಕಾಗೊದಲ್ಲಿ 1 ಗಂಟೆ 50 ನಿಮಿಷ: ಕಸ್ಟಮ್ಸ್ ಮುಗಿಸಿ ಮುಂದಿನ ವಿಮಾನ ಸಿಗುತ್ತಾ?

ನಿಮ್ಮ ಪ್ರಶ್ನೆ ಇಷ್ಟು. ದಾವಣಗೆರೆಯಿಂದ ನಿಮ್ಮ ಅಪ್ಪ ಅಮ್ಮ ಮೊದಲ ಸಲ ಅಮೆರಿಕಕ್ಕೆ ಬರುತ್ತಿದ್ದಾರೆ. ಬೆಂಗಳೂರಿಂದ ದುಬೈ, ಅಲ್ಲಿಂದ ಚಿಕಾಗೊ, ಆಮೇಲೆ ನೀವಿರುವ ಮಿನಿಯಾಪೊಲಿಸ್. ಚಿಕಾಗೊದಲ್ಲಿ ವಿಮಾನ ಬದಲಿಸಲು 1 ಗಂಟೆ 50 ನಿಮಿಷ ಇದೆ. ಲಗೇಜ್ ನೇರವಾಗಿ ಮಿನಿಯಾಪೊಲಿಸ್‌ಗೇ ಹೋಗುತ್ತದೆ, ಚಿಂತೆ ಬೇಡ ಅಂತ ಏಜೆಂಟ್ ಹೇಳಿದ್ದಾರೆ. ಇಷ್ಟು ಹೊತ್ತು ಸಾಕಾ?

ಸಾಕಾಗಲ್ಲ. ಟಿಕೆಟ್ ಬದಲಿಸಿ. ಅದೃಷ್ಟ ಚೆನ್ನಾಗಿದ್ದರೆ ವಿಮಾನ ಸಿಗಲೂಬಹುದು. ಆದರೆ ಮೊದಲ ಸಲ ಬರುವ ಹಿರಿಯರನ್ನು ಇಟ್ಟುಕೊಂಡು ಪಂದ್ಯ ಕಟ್ಟುವುದು ಯಾಕೆ?

ನಾನೂ ದಾವಣಗೆರೆಯವನೇ. ಅಕ್ಕ ಅಮೆರಿಕದಲ್ಲಿದ್ದಾಳೆ, ಅಮ್ಮನನ್ನು ಕರೆದುಕೊಂಡು ಹೋಗಿ ಬಂದು ಮಾಡುವ ಕೆಲಸ ನನ್ನದು. ಹಾಗಾಗಿ ಈ ಚಿಕಾಗೊ ಓಟ ನನಗೆ ಗೊತ್ತು.

ಏಜೆಂಟ್ ಹೇಳಿದ್ದು ಸುಳ್ಳಲ್ಲ, ಅರ್ಧ ಮಾತು. ಬ್ಯಾಗಿನ ಟ್ಯಾಗ್ ಮೇಲೆ ಮಿನಿಯಾಪೊಲಿಸ್ ಅಂತಲೇ ಇರುತ್ತದೆ. ಆದರೆ ಅಮೆರಿಕದ ನಿಯಮದಲ್ಲಿ ಇಮಿಗ್ರೇಶನ್, ಕಸ್ಟಮ್ಸ್ ಎರಡೂ ನಡೆಯುವುದು ನೀವು ಮೊದಲು ಇಳಿಯುವ ಅಮೆರಿಕನ್ ವಿಮಾನ ನಿಲ್ದಾಣದಲ್ಲಿ. ಕೊನೆಯದರಲ್ಲಿ ಅಲ್ಲ. ಚಿಕಾಗೊದಲ್ಲಿ ಅಪ್ಪ ಅಮ್ಮ ಬೆಲ್ಟ್‌ನಿಂದ ಸೂಟ್‌ಕೇಸ್ ತೆಗೆದು, ಕಸ್ಟಮ್ಸ್ ದಾಟಿಸಿ, ಮತ್ತೆ ರೀಚೆಕ್ ಕೌಂಟರ್‌ನಲ್ಲಿ ಹಾಕಬೇಕು. ಟ್ಯಾಗ್ ನಂಬಿ ಹಾಗೇ ನಡೆದುಬಿಟ್ಟರೆ ಸೂಟ್‌ಕೇಸ್ ಚಿಕಾಗೊದಲ್ಲೇ ಸುತ್ತುತ್ತಾ ಇರುತ್ತದೆ. ದುಬೈನಲ್ಲಿ ಈ ಗೋಳಿಲ್ಲ. ಅಲ್ಲಿ ಸೆಕ್ಯುರಿಟಿ ಚೆಕ್ ಒಂದು ಮುಗಿಸಿ ಗೇಟ್‌ಗೆ ಹೋದರಾಯಿತು. ಅದೇ ಅಭ್ಯಾಸದಲ್ಲಿ ಚಿಕಾಗೊದಲ್ಲೂ ನಡೆದುಬಿಡುವ ಅಪಾಯ ಜಾಸ್ತಿ.

ಈಗ ಆ 1 ಗಂಟೆ 50 ನಿಮಿಷ ಎಲ್ಲಿ ಹೋಗುತ್ತೆ ನೋಡಿ. ಅಮೆರಿಕದೊಳಗಿನ ವಿಮಾನಗಳು ಸಾಮಾನ್ಯವಾಗಿ ಹೊರಡುವ 15 ನಿಮಿಷ ಮೊದಲೇ ಬಾಗಿಲು ಮುಚ್ಚುತ್ತವೆ. ಅಲ್ಲಿಗೆ 1 ಗಂಟೆ 35 ನಿಮಿಷ ಉಳಿಯಿತು. ದುಬೈನಿಂದ ಬರುವುದು ದೊಡ್ಡ ವಿಮಾನ, ಮುನ್ನೂರಕ್ಕೂ ಹೆಚ್ಚು ಜನ. ಹಿಂದಿನ ಸೀಟಿನವರು ಇಳಿಯಲು ಅವಸರ ಮಾಡಿ ಪ್ರಯೋಜನವಿಲ್ಲ. ಆಮೇಲೆ ಇಮಿಗ್ರೇಶನ್ ಸಾಲು. ಅದೇ ಹೊತ್ತಿಗೆ ಇನ್ನೆರಡು ದೊಡ್ಡ ವಿಮಾನ ಬಂದಿದ್ದರೆ ಆ ಸಾಲೇ ಒಂದು ಗಂಟೆ ನುಂಗಬಹುದು. ಅಧಿಕಾರಿ ಬೆರಳಚ್ಚು, ಫೋಟೊ ತೆಗೆದುಕೊಳ್ಳುತ್ತಾರೆ. ಯಾಕೆ ಬಂದಿರಿ, ಎಷ್ಟು ದಿನ ಇರ್ತೀರಿ, ಯಾರ ಮನೆಯಲ್ಲಿ ಅಂತ ಕೇಳುತ್ತಾರೆ. ಇಂಗ್ಲಿಷ್ ಬರದಿದ್ದರೆ ಇನ್ನೊಂದಿಷ್ಟು ಹೊತ್ತು. ನಿಮ್ಮ ವಿಳಾಸ, ಫೋನ್ ನಂಬರ್, ವಾಪಸ್ ಹೋಗುವ ದಿನ ಇವನ್ನು ಇಂಗ್ಲಿಷ್‌ನಲ್ಲಿ ಒಂದು ಹಾಳೆ ಮೇಲೆ ಬರೆದು ಪಾಸ್‌ಪೋರ್ಟ್ ಜೊತೆ ಇಟ್ಟುಬಿಡಿ. ಈ ಸಾಲು ಬೇಗ ದಾಟಿಸುವ ಮೊಬೈಲ್ ಪಾಸ್‌ಪೋರ್ಟ್ ಕಂಟ್ರೋಲ್ ಅನ್ನುವ ಆ್ಯಪ್ ಬಗ್ಗೆ ಯಾರಾದರೂ ಹೇಳಿದರೆ, ಅದು ಅಮೆರಿಕನ್ ಪ್ರಜೆಗಳು, ಗ್ರೀನ್ ಕಾರ್ಡ್ ಇರುವವರು ಇಂಥವರಿಗೆ. ನಮ್ಮ ಹಿರಿಯರ ಪ್ರವಾಸಿ ವೀಸಾಗೆ ನಡೆಯಲ್ಲ.

ಅದಾದ ಮೇಲೆ ಬ್ಯಾಗ್ ಬರುವ ತನಕ ಕಾಯಬೇಕು. ಚಿಕಾಗೊದ ಓಹೇರ್ ವಿಮಾನ ನಿಲ್ದಾಣದಲ್ಲಿ ಇಮಿಗ್ರೇಶನ್ ನಡೆಯುವುದು ಟರ್ಮಿನಲ್ 5ರಲ್ಲಿ. ಮುಂದಿನ ವಿಮಾನ ಬಹುತೇಕ ಟರ್ಮಿನಲ್ 1, 2 ಅಥವಾ 3ರಲ್ಲಿ ಇರುತ್ತದೆ. ಬ್ಯಾಗ್ ಹಾಕಿ, ನಿಲ್ದಾಣದ ಪುಟ್ಟ ರೈಲು ಹತ್ತಿ ಆ ಟರ್ಮಿನಲ್‌ಗೆ ಹೋಗಿ, ಅಲ್ಲಿ ಹೊಸದಾಗಿ ಸೆಕ್ಯುರಿಟಿ ಸಾಲಿನಲ್ಲಿ ನಿಲ್ಲಬೇಕು. 2025ರ ಜುಲೈನಿಂದ ಶೂ ಬಿಚ್ಚಿಸುವುದನ್ನು ನಿಲ್ಲಿಸಿದ್ದಾರೆ, ಅಷ್ಟೇ ಸಮಾಧಾನ. ದುಬೈ ಅಂಗಡಿಯಲ್ಲಿ ಅಪ್ಪ ಸೆಂಟಿನ ದೊಡ್ಡ ಬಾಟಲಿ ಏನಾದರೂ ಕೊಂಡರೆ, ಚಿಕಾಗೊದಲ್ಲಿ ರೀಚೆಕ್ ಮಾಡುವ ಮೊದಲೇ ಸೂಟ್‌ಕೇಸಿನೊಳಗೆ ಸೇರಿಸಲು ಹೇಳಿ. ಕೈಯಲ್ಲಿ ಹಿಡಿದರೆ, 100 ಮಿಲಿ ಲೀಟರ್‌ಗಿಂತ ದೊಡ್ಡ ಬಾಟಲಿ ಬಿಡಲ್ಲ ಅನ್ನುವ ಲೆಕ್ಕಕ್ಕೆ ಸಿಕ್ಕಿ ತಕರಾರಾಗಬಹುದು.

ಹಾಗಾದರೆ ಏರ್‌ಲೈನ್ಸ್‌ನವರು ಇಂಥ ಟಿಕೆಟ್ ಮಾರೋದಾದರೂ ಯಾಕೆ ಅಂತೀರಾ? ಪ್ರತಿ ನಿಲ್ದಾಣಕ್ಕೂ ಕನಿಷ್ಠ ಬದಲಾವಣೆ ಸಮಯ ಅಂತ ಒಂದು ಇರುತ್ತದೆ. ಅದಕ್ಕಿಂತ ಒಂದು ನಿಮಿಷ ಹೆಚ್ಚಿದ್ದರೂ ಕಂಪ್ಯೂಟರ್ ಟಿಕೆಟ್ ಕೊಡುತ್ತದೆ. ಮೊಣಕಾಲು ನೋವಿನ ಅಮ್ಮ ಎಷ್ಟು ನಿಧಾನ ನಡೆಯುತ್ತಾರೆ ಅಂತ ಕಂಪ್ಯೂಟರಿಗೆ ಏನು ಗೊತ್ತು?

ನಿಮ್ಮ ಮುಂದೆ ಎರಡು ದಾರಿ ಇವೆ. ಸುಲಭದ್ದು, ಚಿಕಾಗೊದಿಂದ ಇನ್ನೂ ತಡವಾಗಿ ಹೊರಡುವ ವಿಮಾನ ಕೇಳುವುದು. ಮೂರು ಗಂಟೆ ಇದ್ದರೆ ಸರಿ, ನಾಲ್ಕಾದರೂ ನಾನು ಬೇಡ ಅನ್ನಲ್ಲ. ಸುಮ್ನೆ ಕೂತು ಕಾಯುವುದಕ್ಕೆ ಯಾರೂ ಸಾಯಲ್ಲ.

ಎರಡನೇ ದಾರಿ ನನಗೆ ಜಾಸ್ತಿ ಇಷ್ಟ. ದುಬೈ ಬಿಟ್ಟು ಅಬುಧಾಬಿ ಮೂಲಕ ಹೋಗುವುದು. ಅಬುಧಾಬಿಯಲ್ಲಿ 2014ರಿಂದ ಅಮೆರಿಕದ ಅಧಿಕಾರಿಗಳೇ ಕೂತಿದ್ದಾರೆ. ಅಮೆರಿಕಕ್ಕೆ ಹೋಗುವ ವಿಮಾನ ಹತ್ತುವ ಮೊದಲೇ ಇಮಿಗ್ರೇಶನ್, ಕಸ್ಟಮ್ಸ್ ಎರಡೂ ಅಲ್ಲೇ ಮುಗಿಯುತ್ತವೆ. ಚಿಕಾಗೊದಲ್ಲಿ ಇಳಿದಾಗ ಅಪ್ಪ ಅಮ್ಮ ಅಮೆರಿಕದೊಳಗಿನ ಪ್ರಯಾಣಿಕರ ಹಾಗೆಯೇ. ಒಂದೇ ಟಿಕೆಟ್ ಆಗಿದ್ದರೆ ಬ್ಯಾಗ್ ಕೂಡ ಮುಂದಕ್ಕೆ ತಾನೇ ಹೋಗುತ್ತದೆ. ಹಾಗಂತ ಅಬುಧಾಬಿಯಲ್ಲಿ ಒಂದೂವರೆ ಗಂಟೆ ಇಟ್ಟುಕೊಂಡರೆ ಅದೇ ಕಥೆ. ಸಾಲು ಅಲ್ಲಿಯೂ ಇದೆ, ಅಲ್ಲಿ ಮೂರು ಗಂಟೆ ಇರಲಿ.

ಯಾವ ದಾರಿಯಾದರೂ ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿ ಇರಲೇಬೇಕು. ಒಂದೇ ಆಗಿದ್ದರೆ, ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದಾಗ ಬೇರೆ ವಿಮಾನ ಹತ್ತಿಸುವುದು ಏರ್‌ಲೈನ್ಸ್‌ನವರ ಜವಾಬ್ದಾರಿ. ಚಿಕಾಗೊ ತನಕ ಒಂದು, ಮಿನಿಯಾಪೊಲಿಸ್‌ಗೆ ಅಗ್ಗ ಅಂತ ಇನ್ನೊಂದು ಬೇರೆ ಟಿಕೆಟ್ ತೆಗೆದುಕೊಂಡರೆ, ವಿಮಾನ ತಪ್ಪಿದಾಗ ಎರಡನೆಯದರ ದುಡ್ಡು ನೀರಿಗೆ ಬಿದ್ದ ಹಾಗೆ. ಇ-ಟಿಕೆಟ್ ಕಳಿಸಿಕೊಂಡು ನೀವೇ ಕಣ್ಣಾರೆ ನೋಡಿ. ಏಜೆಂಟ್ ಬಾಯಿಮಾತು ಬೇಡ.

ವೀಲ್‌ಚೇರ್ ಬರೆಸಿಬಿಡಿ. ನಡೆಯೋಕೆ ಆಗುತ್ತಲ್ಲ, ಮರ್ಯಾದೆ ಹೋಗುತ್ತೆ ಅಂತ ಅಪ್ಪ ಅನ್ನಬಹುದು, ನಮ್ಮ ಮನೆಯಲ್ಲೂ ಅಂದರು. ಓಹೇರ್‌ನಲ್ಲಿ ನಡೆಯಬೇಕಾದ ದೂರಕ್ಕೆ ಎಷ್ಟೋ ಹಿರಿಯರಿಗೆ ಅದು ನಿಜವಾಗಿಯೂ ಬೇಕು. ತಳ್ಳುವವರಿಗೆ ದಾರಿ ಗೊತ್ತು, ಬ್ಯಾಗ್ ತೆಗೆಸುತ್ತಾರೆ, ರೀಚೆಕ್ ಮಾಡಿಸುತ್ತಾರೆ. ಟಿಕೆಟ್ ಮಾಡುವಾಗಲೇ ಹೇಳಿರಬೇಕು. ಕೈಗೆ ಒಂದಿಷ್ಟು ಡಾಲರ್ ಚಿಲ್ಲರೆ ಕೊಟ್ಟಿರಿ, ಅಲ್ಲಿ ಟಿಪ್ ಕೊಡುವ ರೂಢಿ ಇದೆ.

ಇನ್ನು ಸೂಟ್‌ಕೇಸಿನೊಳಗೆ ಏನಿದೆ ಅನ್ನುವುದೂ ಸಮಯದ ಪ್ರಶ್ನೆಯೇ. ಕಸ್ಟಮ್ಸ್‌ನಲ್ಲಿ ಬ್ಯಾಗ್ ಬಿಚ್ಚಿಸಿದರೆ ಮುಂದಿನ ವಿಮಾನದ ಆಸೆ ಬಿಡಬೇಕು. ಕರಿಬೇವು ಬೇಡವೇ ಬೇಡ, ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಹುಳ ಅದರಲ್ಲಿ ಬರುತ್ತದೆ ಅಂತ ಬಿಡಲ್ಲ. ಅಕ್ಕಿಯೂ ಬೇಡ, ಖಾಪ್ರಾ ಅನ್ನುವ ಹುಳದ ಭಯದಿಂದ ನಮ್ಮ ದೇಶದ ಅಕ್ಕಿಗೆ ತಡೆ ಇದೆ. ಹಣ್ಣು, ಬಿತ್ತನೆ ಬೀಜ, ಮಾಂಸ ಯಾವುದೂ ಬೇಡ. ಮಂಡಕ್ಕಿ ಇಲ್ಲದೆ ದಾವಣಗೆರೆಯವರು ಹೊರಡಲ್ಲ, ಗೊತ್ತು, ಆದರೆ ಅದೂ ಅಕ್ಕಿಯದ್ದೇ. ಅಧಿಕಾರಿ ಎತ್ತಿ ನೋಡಿ ಕೇಳುವ ಸಾಮಾನು ಕಡಿಮೆ ಇದ್ದಷ್ಟೂ ಒಳ್ಳೆಯದು. ಅಮೆರಿಕದ ಇಂಡಿಯನ್ ಅಂಗಡಿಯಲ್ಲೇ ಮಂಡಕ್ಕಿ ಸಿಗುತ್ತದೆ, ಒಗ್ಗರಣೆ ಅಮ್ಮ ಬಂದು ಹಾಕಲಿ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ತರಬಹುದು. ಪೊಟ್ಟಣದ ಮೇಲೆ ಏನು ಅಂತ ಇಂಗ್ಲಿಷ್‌ನಲ್ಲಿ ಬರೆದು ದೊಡ್ಡ ಸೂಟ್‌ಕೇಸಿಗೇ ಹಾಕಿ. 350 ಮಿಲಿ ಲೀಟರ್‌ಗಿಂತ ಜಾಸ್ತಿ ಪುಡಿ ಕೈಚೀಲದಲ್ಲಿದ್ದರೆ ಸೆಕ್ಯುರಿಟಿಯಲ್ಲಿ ಮತ್ತೆ ತಪಾಸಣೆ. ತಿನ್ನುವ ಸಾಮಾನು ಇದೆಯಾ ಅಂತ ಕೇಳಿದರೆ ಇದೆ ಅನ್ನಬೇಕು. ಹೇಳಿದ ಮೇಲೆ ಬೇಡವಾದದ್ದನ್ನು ತೆಗೆದಿಟ್ಟುಕೊಂಡು ಕಳಿಸುತ್ತಾರೆ. ಮುಚ್ಚಿಟ್ಟರೆ ದಂಡ.

ಹೊರಡುವ ದಿನದ ಬಗ್ಗೆಯೂ ಒಂದು ಮಾತು. ದಾವಣಗೆರೆಯಿಂದ ಬೆಂಗಳೂರು 260 ಕಿಲೋಮೀಟರ್ ಅಂತ ನಾಲ್ಕು ಗಂಟೆ ಲೆಕ್ಕ ಹಾಕಬೇಡಿ. ವಿಮಾನ ನಿಲ್ದಾಣ ಊರಿನ ಆಚೆ ಬದಿಗಿದೆ. ಡಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋದರೆ ಬೆಂಗಳೂರಿನ ಟ್ರಾಫಿಕ್ ತಪ್ಪುತ್ತದೆ. ಅಂತರರಾಷ್ಟ್ರೀಯ ವಿಮಾನಗಳು ಟರ್ಮಿನಲ್ 2ರಿಂದ ಅಂತ ಡ್ರೈವರ್‌ಗೆ ಮೊದಲೇ ಹೇಳಿ.

ವಾಪಸ್ ಟಿಕೆಟ್‌ನಲ್ಲೂ ಇದೇ ಲೆಕ್ಕ ನೋಡಿ. ದೆಹಲಿ ಅಥವಾ ಮುಂಬೈಗೆ ಬಂದು ಅಲ್ಲಿಂದ ಬೆಂಗಳೂರಿಗೆ ದೇಶದೊಳಗಿನ ವಿಮಾನ ಹತ್ತುವಂತಿದ್ದರೆ, ಸಾಮಾನ್ಯವಾಗಿ ಅಲ್ಲೇ ಇಮಿಗ್ರೇಶನ್ ಮುಗಿಸಿ, ಬ್ಯಾಗ್ ತೆಗೆದು, ಕಸ್ಟಮ್ಸ್ ದಾಟಿ ಮತ್ತೆ ಹಾಕಬೇಕಾಗುತ್ತದೆ. ಗಲ್ಫ್ ಮೂಲಕ ನೇರ ಬೆಂಗಳೂರಿಗೆ ಬರುವ ಟಿಕೆಟ್‌ಗೆ ನಾಲ್ಕು ಕಾಸು ಜಾಸ್ತಿಯಾದರೂ ಅದನ್ನೇ ತೆಗೆದುಕೊಳ್ಳಿ.