ಬಾಡಿಗೆ ಕೇಳುವ ಮುಂಚೆ ಶೆಲ್ಟರ್ ಕೇಳು: ಒಕ್ಲಹೋಮಾಕ್ಕೆ ಬರುತ್ತಿರುವ ತಂಗಿಗೆ

ಅಕ್ಕ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನಾನೂ ಏಕವಚನದಲ್ಲೇ ಬರೆಯುತ್ತೇನೆ. ನಿನ್ನ ಯಜಮಾನರಿಗೆ ಅಮೆರಿಕದ ಒಕ್ಲಹೋಮಾ ಸಿಟಿಯಲ್ಲಿ ಕೆಲಸ ಸಿಕ್ಕಿದೆ, ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಬೇಕು, ಟೊರ್ನಾಡೊ (ಸುಂಟರಗಾಳಿ) ವಿಡಿಯೋ ನೋಡಿ ನೋಡಿ ರಾತ್ರಿ ನಿದ್ದೆ ಬರುತ್ತಿಲ್ಲ ಅಂದಿದ್ದೀಯ. ಅಲ್ಲಿ ಬದುಕಬಹುದಾ, ಅಲ್ಲಿಯ ರಾಜಕೀಯ ನಮ್ಮಂಥವರಿಗೆ ಒಗ್ಗುತ್ತದಾ, ದಿನನಿತ್ಯದ ಜೀವನ ಹೇಗೆ ಅಂತ ಕೇಳಿದ್ದೀಯ. ನಾನಿರುವುದು ನಾರ್ಮನ್‌ನಲ್ಲಿ, ಒಕ್ಲಹೋಮಾ ಸಿಟಿಯಿಂದ ದಕ್ಷಿಣಕ್ಕೆ ಅರ್ಧ ಗಂಟೆಯ ದಾರಿ. ಮಕ್ಕಳು ಇಲ್ಲೇ ಓದಿ ದೊಡ್ಡವರಾದರು. ಇಲ್ಲಿ ಬದುಕಬಹುದು, ಚೆನ್ನಾಗಿಯೇ ಬದುಕಬಹುದು. ಆದರೆ ಮನೆ ನೋಡಲು ಹೋದಾಗ ಬಾಡಿಗೆ ಎಷ್ಟು ಅಂತ ಕೇಳುವ ಮುಂಚೆ ಟೊರ್ನಾಡೊ ಬಂದಾಗ ಅವಿತುಕೊಳ್ಳುವ ಶೆಲ್ಟರ್ ಎಲ್ಲಿದೆ ಅಂತ ಕೇಳು. ಈ ಒಂದು ಪ್ರಶ್ನೆಯೊಳಗೆ ನೀನು ಕೇಳಿದ ಹವಾಮಾನವೂ ಇದೆ, ರಾಜಕೀಯವೂ ಇದೆ.

ಒಕ್ಲಹೋಮಾ ಸಿಟಿ, ಮೂರ್, ನಾರ್ಮನ್ ಈ ಮೂರೂ ಊರುಗಳಲ್ಲಿ ನಗರದವರು ನಡೆಸುವ ಸಾರ್ವಜನಿಕ ಶೆಲ್ಟರ್ ಇಲ್ಲ. ಹೊಸಬರಿಗೆ ಇದನ್ನು ನಂಬುವುದೇ ಕಷ್ಟ. ಟೊರ್ನಾಡೊ ವಾರ್ನಿಂಗ್ ಬಂದಮೇಲೆ ಸಿಗುವ ಸಮಯ ಸಾಮಾನ್ಯವಾಗಿ ಹತ್ತು ನಿಮಿಷದ ಆಸುಪಾಸು. ಅಷ್ಟರಲ್ಲಿ ಮಗುವನ್ನು ಎತ್ತಿಕೊಂಡು ಕಾರು ಹತ್ತಿ ಇನ್ನೆಲ್ಲಿಗೋ ಹೋಗುವುದು ಮನೆಯಲ್ಲಿರುವುದಕ್ಕಿಂತ ಅಪಾಯ. ಆದ್ದರಿಂದ ಪ್ರತಿ ಮನೆಯವರೂ ತಮ್ಮ ವ್ಯವಸ್ಥೆ ತಾವೇ ಮಾಡಿಕೊಳ್ಳಬೇಕು. ಅಮೆರಿಕದ ಎಲ್ಲ ಮನೆಗೂ ಬೇಸ್‌ಮೆಂಟ್ ಇರುತ್ತದೆ ಅಂತಲೂ ಅಂದುಕೊಳ್ಳಬೇಡ. ಇಲ್ಲಿಯ ಕೆಂಪು ಜೇಡಿಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರುಕು ಬಿಡುತ್ತದೆ. ಅದಕ್ಕೇ ನೆಲಮಾಳಿಗೆ ಕಟ್ಟಿಸುವವರು ಕಡಿಮೆ.

ಬದಲಿಗೆ ಗ್ಯಾರೇಜಿನ ನೆಲದಲ್ಲಿ ಉಕ್ಕಿನ ಪೆಟ್ಟಿಗೆ ಹೂಳಿಸುತ್ತಾರೆ. ನಮ್ಮದೂ ಅಂಥದ್ದೇ. ಮೇಲೆ ಜಾರುವ ಮುಚ್ಚಳ, ಕೆಳಗೆ ಕಡಿದಾದ ನಾಲ್ಕೈದು ಮೆಟ್ಟಿಲು, ಎದುರುಬದುರು ಎರಡು ಬೆಂಚು. ಆರು ಜನ ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಒಳಗೆ ಒಂದು ಜ್ಯಾಕ್ ಇಟ್ಟಿದ್ದೇವೆ. ಮನೆ ಮುರಿದು ಮುಚ್ಚಳದ ಮೇಲೆ ಬಿದ್ದರೆ ಒಳಗಿನಿಂದ ಎತ್ತಲು ಅದೇ ಬೇಕು. ಸೈಕಲ್ ಹೆಲ್ಮೆಟ್, ಟಾರ್ಚ್, ನೀರು, ಒಂದು ಸೀಟಿ, ಎಲ್ಲರಿಗೂ ಒಂದೊಂದು ಜೊತೆ ಹಳೆಯ ಶೂ. ಶೂ ಯಾಕೆ ಅಂದರೆ, ಹೊರಗೆ ಬಂದಾಗ ನೆಲದ ತುಂಬ ಮೊಳೆ, ಗಾಜು. ಬರಿಗಾಲಲ್ಲಿ ಓಡಿಬಂದವರು ಬಹಳ ಕಷ್ಟಪಡುತ್ತಾರೆ. ಶೆಲ್ಟರ್ ಇರುವ ಮನೆಗೆ ಹೋದರೆ ಅದನ್ನು ನಗರದ ಕಚೇರಿಯಲ್ಲಿ ನೋಂದಾಯಿಸಿದ್ದಾರಾ ಅಂತ ವಿಚಾರಿಸು. ನೋಂದಣಿ ಇದ್ದರೆ ನೀವು ಅವಶೇಷದಡಿ ಸಿಕ್ಕಿಕೊಂಡಾಗ ಎಲ್ಲಿ ಹುಡುಕಬೇಕು ಅಂತ ರಕ್ಷಣಾ ಸಿಬ್ಬಂದಿಗೆ ಗೊತ್ತಾಗುತ್ತದೆ.

ನೀವು ಮೊದಲು ಅಪಾರ್ಟ್‌ಮೆಂಟಿಗೇ ಬರುತ್ತೀರಿ ಅನ್ನಿಸುತ್ತದೆ. ಹಾಗಾದರೆ ನೆಲಮಹಡಿಯದ್ದೇ ಹಿಡಿ. ಮೂರನೇ ಮಹಡಿಯಲ್ಲಿ ಬಾಡಿಗೆ ಸ್ವಲ್ಪ ಕಡಿಮೆ, ನೋಟ ಚೆನ್ನಾಗಿದೆ ಅಂತ ಹೇಳುತ್ತಾರೆ, ಬೇಡ. ಕಿಟಕಿಯಿಲ್ಲದ, ಮನೆಯ ನಡುಮಧ್ಯದ ಬಚ್ಚಲುಮನೆಯೋ ಬಟ್ಟೆಯ ಕ್ಲಾಸೆಟ್ಟೋ ಇದೆಯಾ ನೋಡು. ಅದೇ ನಿಮ್ಮ ಜಾಗ. ಬೇರೆಡೆ ಕಟ್ಟಿ ತಂದು ನಿಲ್ಲಿಸುವ ಹಗುರ ಮನೆ, ಅಂದರೆ ಮೊಬೈಲ್ ಹೋಮ್, ಮಾತ್ರ ಎಷ್ಟೇ ಅಗ್ಗವಾದರೂ ತಗೊಳ್ಳಬೇಡ.

ಇನ್ನು ಹೆದರಿಕೆಯ ವಿಷಯ. ನೀನು ನೋಡಿರುವ ವಿಡಿಯೋಗಳೆಲ್ಲ ಅತಿ ದೊಡ್ಡವು. ಹೆಚ್ಚಿನ ಟೊರ್ನಾಡೊಗಳು ಚಿಕ್ಕವು, ಕೆಲವೇ ನಿಮಿಷ ಇದ್ದು ಹೋಗುತ್ತವೆ. ಅವು ಹಾಯುವ ದಾರಿಯೂ ಕಿರಿದು. ಒಂದು ಬೀದಿ ನೆಲಸಮ ಆಗಿರುತ್ತದೆ, ಮುಂದಿನ ಬೀದಿಯಲ್ಲಿ ಹೂಕುಂಡ ಕೂಡ ಅಲ್ಲಾಡಿರುವುದಿಲ್ಲ. ವರ್ಷಗಟ್ಟಲೆ ಇಲ್ಲಿದ್ದು ಒಂದನ್ನೂ ಕಣ್ಣಾರೆ ನೋಡದವರು ಬಹಳ ಜನ. ಏಪ್ರಿಲ್‌ನಿಂದ ಜೂನ್‌ವರೆಗೆ ಜಾಸ್ತಿ, ಅದರಲ್ಲೂ ಮೇ ತಿಂಗಳು, ಅದರಲ್ಲೂ ಸಾಯಂಕಾಲ. ದಕ್ಷಿಣದ ಮೆಕ್ಸಿಕೊ ಕೊಲ್ಲಿಯಿಂದ ಬಿಸಿಯಾದ ತೇವದ ಗಾಳಿ ಬರುತ್ತದೆ, ಪಶ್ಚಿಮದಿಂದ ಒಣಗಾಳಿ ಬರುತ್ತದೆ, ಮೇಲೆ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಜೋರಾಗಿ ಬೀಸುತ್ತಿರುತ್ತದೆ. ಇವು ಮೂರೂ ಈ ಬಯಲಿನ ಮೇಲೆ ಸೇರಿದ ದಿನ ಮಧ್ಯಾಹ್ನದ ಸೆಕೆಯೇ ಬೇರೆ ಥರ ಇರುತ್ತದೆ, ಮೈಗೆ ಅಂಟಿಕೊಂಡ ಹಾಗೆ. ಆದರೆ ಇದು ಮೇ ತಿಂಗಳ ಕಾಟ ಮಾತ್ರ ಅಂತ ನಿರಾಳವಾಗಿರಬೇಡ. 2023ರ ಫೆಬ್ರವರಿ 26ರ ರಾತ್ರಿ ನಮ್ಮ ನಾರ್ಮನ್‌ಗೇ ಇಎಫ್-2 ಟೊರ್ನಾಡೊ (ಬಲವನ್ನು 0ಯಿಂದ 5ರವರೆಗೆ ಅಳೆಯುತ್ತಾರೆ, 5 ಅತಿ ಜೋರು) ಬಡಿಯಿತು. 2024ರ ನವೆಂಬರ್‌ನಲ್ಲಿ ನಡುರಾತ್ರಿ ದಾಟಿದ ಮೇಲೆ ಒಕ್ಲಹೋಮಾ ಸಿಟಿಯ ಕಡೆ ಬಂತು. ಜನ ಮಲಗಿದ್ದರು.

ಅದಕ್ಕೇ ಸೈರನ್ ನಂಬಿಕೊಂಡು ಮಲಗಬೇಡ. ಸೈರನ್ ಇರುವುದು ಹೊರಗಡೆ ಇರುವವರಿಗಾಗಿ. ಎಸಿ ಹಾಕಿಕೊಂಡು ಬಾಗಿಲು ಮುಚ್ಚಿ ಮಲಗಿದರೆ ಕೇಳಿಸದೇ ಹೋಗಬಹುದು. ಎಚ್ಚರಿಕೆ ಬಂದಾಗ ತಾನೇ ಕೂಗುವ, ಬ್ಯಾಟರಿ ಇರುವ ವೆದರ್ ರೇಡಿಯೋ ಒಂದು ಕೊಂಡುಕೋ, ನಿನ್ನ ಕೌಂಟಿಗೆ (ನಮ್ಮ ಜಿಲ್ಲೆಯ ಹಾಗೆ) ಸೆಟ್ ಮಾಡಿಸು. ಫೋನಿನ ಎಮರ್ಜೆನ್ಸಿ ಅಲರ್ಟ್ ಆಫ್ ಮಾಡಬೇಡ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಸೈರನ್ ಕೂಗಿದರೆ ಗಾಬರಿ ಬೀಳಬೇಡ, ಅದು ವಾರದ ಪರೀಕ್ಷೆ. ಮಗಳಿಗೂ ಮೊದಲೇ ಹೇಳಿಡು. ಟಿವಿಯಲ್ಲಿ ಟೊರ್ನಾಡೊ ವಾಚ್ ಅಂದರೆ ಇವತ್ತು ಬರಬಹುದು, ಶೂ ಹತ್ತಿರ ಇಟ್ಟುಕೋ ಅಂತ. ವಾರ್ನಿಂಗ್ ಅಂದರೆ ಈಗಲೇ ಒಳಗೆ ಹೋಗು ಅಂತ. ವಾರ್ನಿಂಗ್ ಬಂದಾಗ ಇಲ್ಲಿಯವರು ಹೊರಗೆ ನಿಂತು ಆಕಾಶ ನೋಡುತ್ತಿರುತ್ತಾರೆ, ಅವರನ್ನು ನೋಡಿ ನೀನೂ ನಿಲ್ಲಬೇಡ.

ಕಾರಿನಲ್ಲಿ ಓಡಬಾರದು ಅನ್ನುವುದನ್ನು ಇನ್ನೊಮ್ಮೆ ಹೇಳುತ್ತೇನೆ. 2013ರ ಮೇ 31ರಂದು ಎಲ್ ರೀನೋ ಹತ್ತಿರ ಬಂದ ಟೊರ್ನಾಡೊ ಸುಮಾರು ನಾಲ್ಕು ಕಿಲೋಮೀಟರ್ ಅಗಲ ಇತ್ತು. ದಾಖಲೆಯಲ್ಲಿರುವ ಟೊರ್ನಾಡೊಗಳಲ್ಲಿ ಅದೇ ಅತಿ ಅಗಲದ್ದು. ಹನ್ನೊಂದು ದಿನದ ಹಿಂದಷ್ಟೇ ಮೂರ್‌ಗೆ ಬಂದ ದೊಡ್ಡ ಟೊರ್ನಾಡೊ ಎಲ್ಲರ ಕಣ್ಣಮುಂದೆ ಇತ್ತು. ಜನ ಮನೆ ಬಿಟ್ಟು ಕಾರು ಹತ್ತಿದರು, ಹೈವೇಗಳೆಲ್ಲ ತುಂಬಿ ನಿಂತುಬಿಟ್ಟವು. ಆ ಟೊರ್ನಾಡೊಗೆ ಸಿಕ್ಕಿ ಸತ್ತವರು ವಾಹನಗಳಲ್ಲಿದ್ದವರು. ಅದೇ ರಾತ್ರಿ ಸುರಿದ ಮಳೆಗೆ ಮೋರಿಗಳಲ್ಲಿ ಅವಿತುಕೊಂಡವರೂ ಕೊಚ್ಚಿಹೋದರು. ಮೇಲ್ಸೇತುವೆಯ ಕೆಳಗೆ ನಿಲ್ಲುವುದೂ ತಪ್ಪು, ಅಲ್ಲಿ ಗಾಳಿಯ ವೇಗ ಇನ್ನೂ ಜಾಸ್ತಿ. 1999ರ ಮೇ 3ರಂದು ಹಾಗೆ ನಿಂತವರು ಪ್ರಾಣ ಕಳೆದುಕೊಂಡಿದ್ದಾರೆ.

ಈಗ ರಾಜಕೀಯ. ಒಕ್ಲಹೋಮಾದಲ್ಲಿ 77 ಕೌಂಟಿಗಳಿವೆ. 2004ರಿಂದ 2024ರವರೆಗೆ ಪ್ರತಿ ಅಧ್ಯಕ್ಷೀಯ ಚುನಾವಣೆಯಲ್ಲೂ ಆ 77ಕ್ಕೆ 77 ರಿಪಬ್ಲಿಕನ್ ಪಕ್ಷದ ಪರ ನಿಂತಿವೆ. ನನ್ನ ಮತ ಆ ಕಡೆಯದ್ದಲ್ಲ, ನಾನು ಅದನ್ನು ಮುಚ್ಚಿಡುವುದೂ ಇಲ್ಲ. ಪಕ್ಕದ ಮನೆಯವರು ಚುನಾವಣೆ ಬಂದರೆ ಅಂಗಳದಲ್ಲಿ ನನಗೆ ಒಪ್ಪಿಗೆಯಾಗದ ಬೋರ್ಡ್ ನೆಡುತ್ತಾರೆ. ನಮ್ಮ ಮನೆಯಲ್ಲಿ ಶೆಲ್ಟರ್ ಹಾಕಿಸುವ ಮುಂಚೆ, ಮೋಡ ಕಟ್ಟಿದ ದಿನ ತಾವಾಗಿ ಬಂದು ಬಾಗಿಲು ಬಡಿದು, "ಗ್ಯಾರೇಜು ತೆಗೆದೇ ಇರುತ್ತೇನೆ, ಮಕ್ಕಳನ್ನು ಕರೆದುಕೊಂಡು ಬಾ" ಅನ್ನುತ್ತಿದ್ದವರು ಅವರೇ. ಅವರ ಬೆಂಚಿನ ಮೇಲೆ ನನ್ನ ಮಕ್ಕಳು ಅವರ ನಾಯಿಯನ್ನು ತಬ್ಬಿಕೊಂಡು ಕೂತಿದ್ದಾರೆ. ಬೋರ್ಡಿನ ಬಗ್ಗೆ ನಾವಿಬ್ಬರೂ ವಾದ ಮಾಡಿದ್ದೇವೆ, ಇನ್ನೂ ಮಾಡುತ್ತೇವೆ. ನೀನು ಬಂದ ಮೊದಲ ವಾರವೇ ಅಕ್ಕಪಕ್ಕದವರ ಪರಿಚಯ ಮಾಡಿಕೋ. ಅವರ ಬೋರ್ಡ್ ನೋಡಿ ದೂರ ಇರಬೇಡ. ಎಲ್ಲರೂ ಒಳ್ಳೆಯವರೇ ಸಿಗುತ್ತಾರೆ ಅಂತ ಭರವಸೆ ಕೊಡಲಾರೆ. ಬಣ್ಣ, ಉಚ್ಚಾರಣೆ ನೋಡಿ ಮುಖ ತಿರುಗಿಸುವವರೂ ಇದ್ದಾರೆ. ನಾನು ಕಂಡ ಮಟ್ಟಿಗೆ ಅವರು ಕಡಿಮೆ.

ಒಂದು ಕಾನೂನಿನ ಮಾತು, ಇದನ್ನು ಯಜಮಾನರಿಗೂ ಓದಿ ಹೇಳು. ಡ್ರೈವಿಂಗ್ ಲೈಸೆನ್ಸ್ ಮಾಡಿಸಲು ಹೋದಾಗ ಮತದಾರರಾಗಿ ನೋಂದಾಯಿಸಿಕೊಳ್ಳುತ್ತೀರಾ ಅಂತ ಕೇಳುತ್ತಾರೆ. ಅದು ಎಲ್ಲರಿಗೂ ಕೇಳುವ ಪ್ರಶ್ನೆ. ಬೇಡ ಅನ್ನಬೇಕು. ವೀಸಾದ ಮೇಲಿರುವವರು, ಗ್ರೀನ್ ಕಾರ್ಡ್ ಇರುವವರು ಕೂಡ, ಇಲ್ಲಿ ಮತದಾರರಾಗುವಂತಿಲ್ಲ. ಸುಮ್ನೆ ಹೂಂ ಅಂದು ಸಹಿ ಹಾಕಿದರೆ ಮುಂದೆ ದೇಶ ಬಿಡಬೇಕಾದ ಪರಿಸ್ಥಿತಿ ಬರಬಹುದು.

ಮತ ಇಲ್ಲ ಅಂದಮಾತ್ರಕ್ಕೆ ರಾಜಕೀಯ ನಮ್ಮದಲ್ಲ ಅಂದುಕೊಳ್ಳಬೇಡ. ನಿನ್ನ ಮಗಳ ಶಾಲೆಯಲ್ಲಿ ಶೆಲ್ಟರ್ ಇದೆಯೋ ಇಲ್ಲವೋ ಅನ್ನುವುದು ಪೂರ್ತಿ ರಾಜಕೀಯ. 2013ರ ಮೇ 20ರಂದು ಮೂರ್‌ಗೆ ಇಎಫ್-5 ಟೊರ್ನಾಡೊ ಬಂದು 24 ಜನ ಸತ್ತರು. ಅವರಲ್ಲಿ ಏಳು ಮಕ್ಕಳು ಪ್ಲಾಜಾ ಟವರ್ಸ್ ಪ್ರಾಥಮಿಕ ಶಾಲೆಯಲ್ಲಿದ್ದವರು. ಟೊರ್ನಾಡೊ ನೆಲ ಮುಟ್ಟುವ 16 ನಿಮಿಷ ಮೊದಲೇ ವಾರ್ನಿಂಗ್ ಕೊಟ್ಟಿದ್ದರು. ಟೀಚರುಗಳು ಮಕ್ಕಳ ಮೇಲೆ ಅಡ್ಡ ಮಲಗಿ ಕಾಪಾಡಲು ನೋಡಿದರು. ಆ ಶಾಲೆಯಲ್ಲಿ ಶೆಲ್ಟರ್ ಇರಲಿಲ್ಲ. ಆಮೇಲೆ ರಾಜ್ಯದ ಹಣದಲ್ಲಿ ಎಲ್ಲ ಶಾಲೆಗಳಿಗೂ ಶೆಲ್ಟರ್ ಕಟ್ಟಿಸಬೇಕು ಅಂತ ಜನ ಸಹಿ ಸಂಗ್ರಹ ಮಾಡಿದರು. ಸತ್ತ ಮಕ್ಕಳ ಹೆತ್ತವರೂ ಅದರಲ್ಲಿದ್ದರು. ಹಣ ಎಲ್ಲಿಂದ, ಮತಪತ್ರದಲ್ಲಿ ಒಕ್ಕಣೆ ಹೇಗಿರಬೇಕು ಅನ್ನುವ ಜಗಳದಲ್ಲೇ ಅದು ಸಿಕ್ಕಿಕೊಂಡು, ರಾಜ್ಯದ ಮತದಾರರ ಮುಂದೆ ಬರಲೇ ಇಲ್ಲ. ಒಂದೊಂದು ಊರಿನವರು ತಮ್ಮ ಶಾಲಾ ಬಾಂಡಿಗೆ (ಶಾಲೆಯ ಕೆಲಸಕ್ಕೆ ಎತ್ತುವ ಸಾಲ) ತಾವೇ ಮತ ಹಾಕಿ ಕಟ್ಟಿಕೊಳ್ಳಬೇಕಾಯಿತು. ಶಾಲಾ ಬಾಂಡ್ ಗೆಲ್ಲಲು ಇಲ್ಲಿ ನೂರಕ್ಕೆ ಅರವತ್ತು ಮತ ಬೇಕು. ಸ್ವಲ್ಪ ಅನುಕೂಲ ಇರುವ ಊರುಗಳು ಕಟ್ಟಿಕೊಂಡವು, ಬಡ ಊರುಗಳು ಕಾಯುತ್ತಾ ಉಳಿದವು. ನನಗೆ ಇವತ್ತಿಗೂ ಇದರ ಬಗ್ಗೆ ಸಿಟ್ಟಿದೆ. ಮಗುವಿನ ತಲೆಯ ಮೇಲೆ ಗಟ್ಟಿ ಸೂರು ಇರುವುದು ಆ ಊರಿನ ಜೇಬಿನ ಮೇಲೆ ನಿಲ್ಲಬಾರದು.

ತೆರಿಗೆಯ ಮಾತೂ ಇದಕ್ಕೇ ಸೇರುತ್ತದೆ. 1992ರಲ್ಲಿ ಜನ ಒಪ್ಪಿದ ನಿಯಮದ ಪ್ರಕಾರ ಶಾಸನಸಭೆ ತೆರಿಗೆ ಏರಿಸಬೇಕಾದರೆ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಒಪ್ಪಬೇಕು, ಇಲ್ಲವೇ ಜನರ ಮತಕ್ಕೆ ಹಾಕಬೇಕು. ಶಾಲೆಗಳಿಗೆ ಹಣ ಸಾಲದೆ ಕೆಲವು ಹಳ್ಳಿಗಳಲ್ಲಿ ವಾರಕ್ಕೆ ನಾಲ್ಕೇ ದಿನ ಪಾಠ. 2018ರ ಏಪ್ರಿಲ್‌ನಲ್ಲಿ ಟೀಚರುಗಳು ಕ್ಲಾಸು ಬಿಟ್ಟು ಶಾಸನಸಭೆಯ ಕಟ್ಟಡದ ಮುಂದೆ ಕೂತದ್ದು ಈ ಕಾರಣಕ್ಕೇ. ಮಗಳ ಶಾಲೆ ಆರಿಸುವಾಗ ಅಂಕಿ, ರೇಟಿಂಗ್ ನೋಡುವುದಲ್ಲದೆ, ಶೆಲ್ಟರ್ ತೋರಿಸಿ ಅಂತ ಕೇಳು. ಕೇಳಿದರೆ ತೋರಿಸುತ್ತಾರೆ. ಶಾಲಾ ಮಂಡಳಿಯ ಸಭೆಗೂ ಹೋಗು. ಅಲ್ಲಿ ಕೂರಲು, ಮಾತಾಡಲು ಮತ ಇರಬೇಕಾಗಿಲ್ಲ.

ಇನ್ನೊಂದು ಹೆಮ್ಮೆಯ ವಿಷಯವನ್ನೂ ಹೇಳಬೇಕು. ಟೊರ್ನಾಡೊ ಬರುತ್ತದೆ ಅಂತ ಮೊಟ್ಟಮೊದಲು ಅಧಿಕೃತವಾಗಿ ಮುನ್ಸೂಚನೆ ಕೊಟ್ಟಿದ್ದು ಇದೇ ಒಕ್ಲಹೋಮಾ ಸಿಟಿಯ ಟಿಂಕರ್ ವಾಯುನೆಲೆಯಲ್ಲಿ, 1948ರ ಮಾರ್ಚ್ 25ರಂದು. ಐದು ದಿನ ಮುಂಚೆ ಅದೇ ನೆಲೆಗೆ ಟೊರ್ನಾಡೊ ಬಡಿದಿತ್ತು. ಅಲ್ಲಿಯ ಇಬ್ಬರು ಅಧಿಕಾರಿಗಳು, ಫಾಬುಶ್ ಮತ್ತು ಮಿಲ್ಲರ್, ಆವತ್ತಿನ ಹವೆಯೂ ಹಾಗೇ ಇದೆಯಲ್ಲ ಅಂತ ಗುರುತಿಸಿ ಎಚ್ಚರಿಕೆ ಕೊಟ್ಟರು. ಅದೇ ಸಾಯಂಕಾಲ ಬಂದೇಬಿಟ್ಟಿತು. 1973ರಲ್ಲಿ ಯೂನಿಯನ್ ಸಿಟಿಯ ಟೊರ್ನಾಡೊ ಹುಟ್ಟುವುದನ್ನು ನಾರ್ಮನ್‌ನ ವಿಜ್ಞಾನಿಗಳು ಮೋಡದೊಳಗಿನ ಗಾಳಿಯ ಚಲನೆಯನ್ನೂ ತೋರಿಸುವ ಡಾಪ್ಲರ್ ರಾಡಾರ್‌ನಲ್ಲಿ ನೋಡಿದರು. ಇವತ್ತು ಇಡೀ ಅಮೆರಿಕಕ್ಕೆ ಟೊರ್ನಾಡೊ ವಾಚ್ ಹೊರಡುವುದು ನಮ್ಮೂರಿನ ಕಟ್ಟಡದಿಂದ. ರಾಜ್ಯದ 77 ಕೌಂಟಿಗಳಲ್ಲೂ ಮೆಸೋನೆಟ್ ಅಂತ ಹವಾಮಾನ ಅಳೆಯುವ ಕೇಂದ್ರಗಳಿವೆ.

2025ರಲ್ಲಿ ರಾಷ್ಟ್ರೀಯ ಹವಾಮಾನ ಸೇವೆಯಿಂದ ನೂರಾರು ಜನ ಹೊರಗೆ ಹೋಗಬೇಕಾಯಿತು. ನಾರ್ಮನ್‌ನಲ್ಲಿರುವ ಬಿರುಗಾಳಿ ಸಂಶೋಧನೆಯ ಲ್ಯಾಬ್ ಕೂಡ ಸೇರಿರುವ ಸಂಶೋಧನಾ ವಿಭಾಗವನ್ನೇ ತೆಗೆಯುವ ಬಜೆಟ್ ಪ್ರಸ್ತಾವ ಬಂತು. ನಾನು ನಮ್ಮ ಸಂಸದರಿಗೆ ಕಾಗದ ಬರೆದೆ. ಬೋರ್ಡ್ ನೆಡುವ ಆ ಪಕ್ಕದ ಮನೆಯವರೂ ಬರೆದರು. ರಾತ್ರಿ ಎರಡು ಗಂಟೆಗೆ ರಾಡಾರ್ ಮುಂದೆ ಎಚ್ಚರವಾಗಿ ಕೂತವರೊಬ್ಬರು ಇರಬೇಕು, ಅಲ್ವಾ? ಆ ಕುರ್ಚಿ ಖಾಲಿಯಾಗುವುದನ್ನು ಯಾವ ಪಕ್ಷದವರೂ ಬಯಸಬಾರದು.

ಉಳಿದ ದಿನಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಇಲ್ಲಿ ಗಾಳಿ ಯಾವಾಗಲೂ ಬೀಸುತ್ತದೆ, ಅಭ್ಯಾಸ ಆಗುತ್ತದೆ. ಬೇಸಿಗೆ ಸುಡುತ್ತದೆ. ಬಸ್ಸು ಕಡಿಮೆ, ಕಾರಿಲ್ಲದೆ ಆಗುವುದಿಲ್ಲ, ನೀನೂ ಡ್ರೈವಿಂಗ್ ಕಲಿ. ಟೊರ್ನಾಡೊಗಿಂತ ಹೆಚ್ಚು ಸಲ ಕೈ ಸುಡುವುದು ಆಲಿಕಲ್ಲು. ಕಾರಿನ ಇನ್ಶೂರೆನ್ಸ್ ಮಾಡಿಸುವಾಗ ಬರೀ ಲಯಬಿಲಿಟಿ ತಗೊಂಡರೆ ಆಲಿಕಲ್ಲಿನ ಹೊಡೆತಕ್ಕೆ ಒಂದು ಡಾಲರೂ ಸಿಗುವುದಿಲ್ಲ, ಕಾಂಪ್ರಹೆನ್ಸಿವ್ ಸೇರಿಸು. ಬಾಡಿಗೆ ಮನೆಗೆ ರೆಂಟರ್ಸ್ ಇನ್ಶೂರೆನ್ಸ್ ಮಾಡಿಸು. ಮುಂದೆ ಮನೆ ಕೊಂಡರೆ, ಗಾಳಿ ಮತ್ತು ಆಲಿಕಲ್ಲಿಗೆ ನಮ್ಮ ಕೈಯಿಂದ ಮೊದಲು ಕಟ್ಟಬೇಕಾದ ಮೊತ್ತ ಬೇರೆಯೇ ಇರುತ್ತದೆ, ಆ ಸಾಲನ್ನು ಓದದೆ ಸಹಿ ಹಾಕಬೇಡ. ಚಳಿಗಾಲದಲ್ಲಿ ಐಸ್ ಸ್ಟಾರ್ಮ್ ಬಂದರೆ ಕರೆಂಟು ದಿನಗಟ್ಟಲೆ ಹೋಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಮರಗಳಲ್ಲಿ ಇನ್ನೂ ಎಲೆ ಇರುವಾಗಲೇ ಬಂದು, ಭಾರಕ್ಕೆ ಕೊಂಬೆಗಳೆಲ್ಲ ಮುರಿದು ತಂತಿಯ ಮೇಲೆ ಬಿದ್ದವು. ಮನೆಯಲ್ಲಿ ದಪ್ಪ ಹೊದಿಕೆ, ಪವರ್ ಬ್ಯಾಂಕ್, ಎರಡು ಮೂರು ದಿನಕ್ಕಾಗುವಷ್ಟು ನೀರು ಇರಲಿ.

ಮಗಳಿಗೆ ಹೇಗೆ ಹೇಳಲಿ ಅಂತ ಕೊನೆಯಲ್ಲಿ ಕೇಳಿದ್ದೀಯ. ವಿಡಿಯೋ ತೋರಿಸಬೇಡ. ಮನೆಗೆ ಬಂದಮೇಲೆ ನಿಮ್ಮ ಜಾಗ ಯಾವುದು ಅಂತ ಅವಳಿಗೇ ತೋರಿಸು, ಹೆಲ್ಮೆಟ್ ಅವಳೇ ಆರಿಸಲಿ, ಒಂದೆರಡು ಸಲ ಓಡಿಹೋಗಿ ಕೂರುವುದನ್ನು ಅಭ್ಯಾಸ ಮಾಡಿಸು. ಶಾಲೆಯಲ್ಲೂ ಮಾಡಿಸುತ್ತಾರೆ. ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ. ಮನೆಗಳನ್ನು ನೋಡಲು ಶುರುಮಾಡಿದಾಗ ವಿಳಾಸಗಳನ್ನು ನನಗೆ ಕಳಿಸು. ಯಾವ ಕೌಂಟಿ, ಯಾವ ಶಾಲೆಗೆ ಸೇರುತ್ತದೆ ಅಂತ ನೋಡಿ ಹೇಳುತ್ತೇನೆ, ಸಾಧ್ಯವಾದರೆ ನಾನೇ ಹೋಗಿ ಬಚ್ಚಲುಮನೆಗೆ ಕಿಟಕಿ ಇದೆಯಾ ಅಂತ ನೋಡಿಬರುತ್ತೇನೆ.